ಟ್ರ್ಯಾಕ್ ಹಾಡುತ್ತ ಮೈಕ್ ಕಲಿತದ್ದು

ಮಂಗಳೂರಿನ ರಸಮಂಜರಿ, ಭಜನೆ, ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡಿ ಬಂದ ನಮಗೆ ಸ್ವರ ಇರುತ್ತದೆ, ಮೈಕ್ ಗೊತ್ತಿರುವುದಿಲ್ಲ. ವೇದಿಕೆಯಲ್ಲಿ ಮೈಕನ್ನು ತುಟಿಗೆ ತಾಗಿಸಿ ಹಾಡುತ್ತೇವೆ. ಸಣ್ಣ ಸದ್ದನ್ನೂ ಹಿಡಿಯುವ ಸ್ಟುಡಿಯೋದ ಕಂಡೆನ್ಸರ್ ಮೈಕಿಗೆ ಅದು ಆಗದು. ನಾನು ಒಂದು ಗೇಣು ದೂರ ನಿಲ್ಲುತ್ತೇನೆ, ನಡುವೆ ಬಾಯಿಯ ಗಾಳಿ ತಡೆಯುವ ಜಾಲರಿ, ಪಾಪ್ ಫಿಲ್ಟರ್. ಮೆಲುದನಿಗೆ ತುಸು ಮುಂದೆ, ತಾರಸ್ಥಾಯಿಗೆ ಅರ್ಧ ಹೆಜ್ಜೆ ಹಿಂದೆ. ಮುಖ ಸ್ವಲ್ಪ ಓರೆಯಾಗಿದ್ದರೆ 'ಪ', 'ಬ'ಗಳ ಗಾಳಿ ಪಕ್ಕಕ್ಕೆ ಹೋಗುತ್ತದೆ.

ಹೆಡ್‌ಫೋನಿನ ಒಂದು ಕಿವಿಯನ್ನು ಅರ್ಧ ಸರಿಸಿ ಸ್ವಂತ ಸ್ವರ ಕೇಳಿಸಿಕೊಳ್ಳಬೇಕು. ಸರಿಸಿದ ಬದಿ ತಲೆಗೆ ಒತ್ತಿಕೊಂಡಿರಲಿ, ಇಲ್ಲವಾದರೆ ಲಯಕ್ಕೆಂದು ಕೇಳಿಸುವ ಕ್ಲಿಕ್ಕಿನ ಟಕಟಕ ಮೈಕಿಗೆ ಸೋರುತ್ತದೆ. ವಾದ್ಯಗಳ ಸದ್ದು ಜೋರಿದ್ದರೆ ಶ್ರುತಿ ಜಾರುತ್ತದೆ. ತಗ್ಗಿಸಲು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಉಚ್ಚಾರದಲ್ಲಿ ತುಳು ಮನೆಮಾತಿನವರು ಎಡವುವುದು ಮಹಾಪ್ರಾಣದಲ್ಲಿ. ಪ್ರೇಮಗೀತೆಯ 'ಭಾವ' 'ಬಾವ'ನಾದರೆ ನಡುವೆ ಅಕ್ಕನ ಗಂಡ ಬಂದು ಕೂರುತ್ತಾನೆ! ಅಂಗೈಯನ್ನು ಬಾಯಿಯೆದುರು ಹಿಡಿದು 'ಬ–ಭ', 'ದ–ಧ' ಹೇಳಿ ನೋಡಿ. ಎರಡನೆಯದಕ್ಕೆ ಗಾಳಿ ತಾಗಬೇಕು. ಹಾಗೆಂದು ಊದಲೂಬಾರದು, ಮೈಕಿನಲ್ಲಿ 'ಧಬ್' ಎನ್ನುತ್ತದೆ.

1966ರಲ್ಲಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಸಿನಿಮಾದಲ್ಲಿ ಮೊದಲ ಅವಕಾಶ ಕೊಟ್ಟವರು ಸಂಗೀತ ನಿರ್ದೇಶಕ ಎಸ್‌.ಪಿ. ಕೋದಂಡಪಾಣಿ, ಸ್ವರ ಅವರ ಕಿವಿಗೆ ಬಿದ್ದದ್ದು ಹಾಡಿನ ಸ್ಪರ್ಧೆಯಲ್ಲಿ. ಈಗ ಸಿನಿಮಾ ಹಾಡಿಗೆ ಬಾಗಿಲು ಬಹುಪಾಲು ಟ್ರ್ಯಾಕ್ ಹಾಡುವುದು. ಮುಖ್ಯ ಗಾಯಕರು ಕೇಳಿ ಕಲಿಯಲೆಂದು ಮೊದಲೇ ಹಾಡಿಡುವುದಿದು. ದುಡ್ಡು ಕಡಿಮೆ, ಹೆಸರು ಬರುವುದಿಲ್ಲ. ಆದರೂ ನಾನು ಬೇಡವೆನ್ನುವುದಿಲ್ಲ. ಸಾಹಿತ್ಯ ಕೈಗೆ ಬಂದ ಅರ್ಧ ಗಂಟೆಯಲ್ಲಿ ಹಾಡು ಒಪ್ಪಿಸುವ ಅಭ್ಯಾಸ ಬೇರೆಲ್ಲೂ ಸಿಗದು. ಉಸಿರಿನ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಸಾಲು ಸಾಲಾಗಿ ಪಂಚ್ ಮಾಡುವಾಗ, ಅಂದರೆ ತುಂಡು ತುಂಡಾಗಿ ಹಾಡಿ ಜೋಡಿಸುವಾಗ, ಹಿಂದಿನ ಸಾಲಿನಿಂದಲೇ ಹಾಡುತ್ತ ಬರುತ್ತೇನೆ. ಆಗ ಜೋಡಣೆ ಕಾಣುವುದಿಲ್ಲ.

ಅವಕಾಶ ಕೇಳಿ ಕಳಿಸುವ ಮಾದರಿ ಹಾಡಿಗೆ, ಅಂದರೆ ಡೆಮೊಗೆ, ಎರಡು ತುಣುಕು ಸಾಕು, ಒಂದೊಂದು ನಿಮಿಷದ್ದು. ಒಂದು ಬರೀ ತಂಬೂರಿ ಶ್ರುತಿಯಲ್ಲಿ, ಇನ್ನೊಂದು ತಾಳದ ಜೊತೆ. ಎಕೋ ಬೇಡ, ಶ್ರುತಿ ತಿದ್ದುವ ಆಟೋಟ್ಯೂನ್ ಕೂಡ ಬೇಡ. ಸದ್ದನ್ನು ಕುಗ್ಗಿಸದ ವೇವ್ (WAV) ಫೈಲೇ ಕಳಿಸಿ. ಯಕ್ಷಗಾನದವರಂತೆ ಶ್ರುತಿಯನ್ನು 'ಕರಿ ಒಂದು' ಎಂದರೆ, ಕಂಪ್ಯೂಟರಿನಲ್ಲಿ ವಾದ್ಯ ಜೋಡಿಸುವ ಬೆಂಗಳೂರಿನ ಪ್ರೋಗ್ರಾಮರ್‌ಗೆ ತಿಳಿಯಲಿಕ್ಕಿಲ್ಲ, 'ಸಿ ಶಾರ್ಪ್' ಎಂದೇ ಬರೆಯಿರಿ. ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು, ಶ್ರುತಿ, ಫೋನ್ ನಂಬರ್ ಇರಲಿ. 'ಹೊಸ ರೆಕಾರ್ಡಿಂಗ್ 3' ಯಾರದ್ದೆಂದು ಮೂರು ತಿಂಗಳ ನಂತರ ಯಾರೂ ಹುಡುಕುವುದಿಲ್ಲ.