ಡಿಲೀಟ್ ಆಗದ ಮ್ಯಾಪ್ ಆ್ಯಪ್‌ಗೆ ಒಂದು ಉಪಾಯ

ಫೋನಿನ ಜೊತೆಗೇ ಬಂದ ಮ್ಯಾಪ್ ಆ್ಯಪ್ ತೆಗೆಯೋಕೆ ಹೋದರೆ ‘ಅನ್‌ಇನ್‌ಸ್ಟಾಲ್’ ಬಟನ್ನೇ ಇಲ್ಲ! ಮದುವೆ ಕರೆಯೋಲೆಯ ಲೊಕೇಶನ್ ಒತ್ತಿದರೂ ಅದೇ ಬಂದು ಕೂರ್ತಿತ್ತು.

ಆಂಡ್ರಾಯ್ಡ್‌ನವರು ಹೀಗೆ ಮಾಡಿ: ಐಕಾನ್ ಒತ್ತಿ ಹಿಡಿದು ‘ಆ್ಯಪ್ ಇನ್ಫೋ’, ಮೇಲಿನ ಮೂರು ಚುಕ್ಕಿಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’, ಆಮೇಲೆ ‘ಡಿಸೇಬಲ್’. ಅಪ್‌ಡೇಟ್ ನುಂಗಿದ್ದ ಜಾಗ ವಾಪಸ್ ಬರುತ್ತೆ. ಮೂಲ ಆ್ಯಪ್ ಸಿಸ್ಟಮ್ ಭಾಗದಲ್ಲೇ ಇರೋದರಿಂದ ಆ ಜಾಗ ಸಿಗಲ್ಲ. ಆದರೆ ಹಿನ್ನೆಲೆಯಲ್ಲಿ ಓಡೋದು ನಿಲ್ಲುತ್ತೆ. ‘ಡಿಸೇಬಲ್’ ಮಂಕಾಗಿದ್ದರೆ ಲೊಕೇಶನ್ ಪರ್ಮಿಶನ್ನಾದರೂ ಕಿತ್ತುಕೊಳ್ಳಿ.

ನಾನೀಗ ಬಳಸೋದು ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನೋ ಬೇರೆ ಮ್ಯಾಪ್ ಆ್ಯಪ್. ವೈಫೈ ಇದ್ದಾಗಲೇ ನಿಮ್ಮ ಭಾಗದ ನಕ್ಷೆ ಇಳಿಸಿಕೊಂಡರೆ ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೂ ದಾರಿ ತೋರಿಸುತ್ತೆ. ಟ್ರಾಫಿಕ್ ಮಾತ್ರ ಹೇಳಲ್ಲ, ಬೆಂಗಳೂರಿನವರಿಗೆ ಅದು ಹೇಗೂ ಗೊತ್ತಿರೋದೇ!