ಐರ್ಲೆಂಡಿನಲ್ಲಿ ಲೇಡೀಸ್ ಸೀಟ್ ಇಲ್ಲ, ಟಿಕೆಟ್‌ಗೆ ಮಾತ್ರ ಕೋಟಾ

ಡಬ್ಲಿನ್‌ಗೆ ಹೋದ ಹೊಸದರಲ್ಲಿ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಇಲ್ಲೂ ಮಹಿಳಾ ಕೋಟಾ ಇದೆಯಂತೆ. ನಮ್ಮ ಏರಿಯಾ ಲೇಡೀಸ್ ಸೀಟಾ, ಜನರಲ್ಲಾ?"

ರಾಜಾಜಿನಗರದಲ್ಲಿ ಬೆಳೆದವಳು ಇನ್ನೇನು ಕೇಳಿಯಾಳು? ಬೆಂಗಳೂರಿನಲ್ಲಿ 2015ರ ಕಾರ್ಪೊರೇಷನ್ ಚುನಾವಣೆ ನೋಡಿದವರಿಗೆ ನೆನಪಿರುತ್ತದೆ. 198 ವಾರ್ಡುಗಳಲ್ಲಿ ಅರ್ಧದಷ್ಟು ಹೆಂಗಸರಿಗೆ. ಎಷ್ಟೋ ಕಡೆ ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತವರು ಹೆಂಡತಿ, ಪಕ್ಕದಲ್ಲಿ ಅವರಿಗಿಂತ ದೊಡ್ಡದಾಗಿ ಗಂಡನ ಫೋಟೊ.

ಐರ್ಲೆಂಡಿನ ಲೆಕ್ಕವೇ ಬೇರೆ. ನಾನೂ ಆರು ವರ್ಷ ಅಲ್ಲಿದ್ದು ಬಂದವಳು, ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು. ಅಲ್ಲಿ ಯಾವ ಕ್ಷೇತ್ರವೂ ಯಾರಿಗೂ ಮೀಸಲಲ್ಲ. ಕಾನೂನು ಹಿಡಿದಿರುವುದು ಪಕ್ಷದ ಜೇಬನ್ನು. ಪಕ್ಷಗಳಿಗೆ ಸರ್ಕಾರದಿಂದ ವರ್ಷಾವರ್ಷ ಹಣ ಸಿಗುತ್ತದೆ. ಸಾರ್ವತ್ರಿಕ ಚುನಾವಣೆಗೆ ಪಕ್ಷ ನಿಲ್ಲಿಸುವವರಲ್ಲಿ ಕನಿಷ್ಠ 30 ಪರ್ಸೆಂಟ್ ಹೆಂಗಸರು, ಕನಿಷ್ಠ 30 ಪರ್ಸೆಂಟ್ ಗಂಡಸರು ಇರಬೇಕು, ಇಲ್ಲದಿದ್ದರೆ ಆ ಹಣದಲ್ಲಿ ಅರ್ಧ ಖೋತಾ. ಇದು 2012ರ ಕಾಯ್ದೆ. 2016ರ ಚುನಾವಣೆಯಲ್ಲಿ ಮೊದಲು ಜಾರಿಗೆ ಬಂತು. 2023ರಲ್ಲಿ 30 ಹೋಗಿ 40 ಆಯಿತು. ಲೆಕ್ಕ ಹಾಕುವುದು ಇಡೀ ದೇಶಕ್ಕೆ ಸೇರಿಸಿ, ಒಂದೊಂದು ಕ್ಷೇತ್ರಕ್ಕಲ್ಲ.

ಯಾಕೆ ಇಷ್ಟು ಸುತ್ತುಬಳಸು ದಾರಿ? ಅವರ ಸಂವಿಧಾನದ 16ನೇ ವಿಧಿ ನೋಡಿ. 21 ತುಂಬಿದ ಪ್ರಜೆ, ಗಂಡಾಗಲಿ ಹೆಣ್ಣಾಗಲಿ, ಡಾಯ್ಲ್‌ಗೆ ಆಯ್ಕೆಯಾಗಲು ಅರ್ಹ. ಡಾಯ್ಲ್ ಅಂದರೆ ನಮ್ಮ ಲೋಕಸಭೆ ಇದ್ದ ಹಾಗೆ. "ಈ ಸೀಟಿಗೆ ಗಂಡಸರು ನಿಲ್ಲುವ ಹಾಗಿಲ್ಲ" ಎಂದು ಕಾಯ್ದೆ ಮಾಡಿದರೆ ಈ ಸಾಲಿಗೇ ಡಿಕ್ಕಿ ಹೊಡೆಯುತ್ತದೆ. ತೆರಿಗೆ ಹಣಕ್ಕೆ ಷರತ್ತು ಹಾಕಿದರೆ ಯಾರ ಬಾಗಿಲೂ ಮುಚ್ಚುವುದಿಲ್ಲ. ಟಿಕೆಟ್ ಸಿಗದವನು ಪಕ್ಷೇತರನಾಗಿ ನಿಲ್ಲಬಹುದು. ಗಂಡಸರಿಗೂ ಅದೇ ಕನಿಷ್ಠ ಮಿತಿ ಇಟ್ಟಿರುವುದರಿಂದ ಭೇದಭಾವ ಎನ್ನುವ ವಾದಕ್ಕೂ ಬಲ ಕಡಿಮೆ. ಮಹಿಳೆಯರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದದ 4ನೇ ವಿಧಿಯೂ ಇಂಥ ತಾತ್ಕಾಲಿಕ ಕ್ರಮ ತಾರತಮ್ಯವಲ್ಲ ಎನ್ನುತ್ತದೆ.

ಕೋಟಾ ಕಾಯ್ದೆ ಸಂವಿಧಾನಕ್ಕೆ ಡಿಕ್ಕಿ ಹೊಡೆದೀತು ಎನ್ನುವುದು ಸುಮ್ನೆ ಭಯವಲ್ಲ. ಫ್ರಾನ್ಸ್‌ನಲ್ಲಿ ನಗರಸಭೆ ಪಟ್ಟಿಗಳಿಗೆ ಕೋಟಾ ತಂದಾಗ 1982ರಲ್ಲಿ ಅಲ್ಲಿನ ಸಂವಿಧಾನ ಮಂಡಳಿ (ಕಾಯ್ದೆ ಸಂವಿಧಾನಕ್ಕೆ ಹೊಂದುತ್ತದಾ ಎಂದು ನೋಡುವ ಸಂಸ್ಥೆ) ಅದನ್ನು ಹೊಡೆದುಹಾಕಿತು. ಕೊನೆಗೆ 1999ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ನಮ್ಮಲ್ಲೂ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಸೀಟು ಮೀಸಲಿಡಲು 2023ರಲ್ಲಿ 106ನೇ ತಿದ್ದುಪಡಿಯೇ ಬೇಕಾಯಿತು, ಅಲ್ವಾ?

ಫಲ ಸಿಕ್ಕಿತಾ? 2011ರಲ್ಲಿ ಡಾಯ್ಲ್‌ನ 166 ಮಂದಿಯಲ್ಲಿ 25 ಹೆಂಗಸರು. 2024ರಲ್ಲಿ 174ರಲ್ಲಿ 44. ನನಗಂತೂ ಇದು ಜಾಸ್ತಿ ಅನ್ನಿಸುವುದಿಲ್ಲ. ಗೆಲ್ಲದ ಕಡೆ ಟಿಕೆಟ್ ಕೊಟ್ಟರೂ 40ರ ಲೆಕ್ಕ ತುಂಬುತ್ತದಲ್ಲ.

ಬ್ಯಾಲೆಟ್ ಪೇಪರ್ ಕೈಗೆ ಬಂದಾಗ ಗಾಬರಿಯಾಗಬೇಡಿ. ಅಭ್ಯರ್ಥಿಗಳ ಹೆಸರು, ಫೋಟೊ ಸಾಲಾಗಿ ಇರುತ್ತವೆ. ಪಕ್ಕದ ಚೌಕದಲ್ಲಿ ನಿಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯುತ್ತಾ ಹೋಗುವುದು. ಡಾಯ್ಲ್‌ಗೆ ಭಾರತದ ಪಾಸ್‌ಪೋರ್ಟ್ ಇರುವವರು ವೋಟ್ ಹಾಕುವಂತಿಲ್ಲ. ಆದರೆ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ 18 ತುಂಬಿ, ಅಲ್ಲೇ ವಾಸವಿದ್ದು, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಿಲ್ಲಲೂಬಹುದು. ತಮಾಷೆ ಅಂದರೆ, ಆ ಚುನಾವಣೆಗೆ ಈ ಕೋಟಾ ಅನ್ವಯಿಸುವುದೇ ಇಲ್ಲ.