ಗೇರ್ ಬಿದ್ದರೂ ಗಾಡಿ ಕದಲಲಿಲ್ಲ

ಫಸ್ಟ್ ಗೇರ್ ಹಾಕಿ ನಿಧಾನವಾಗಿ ಕ್ಲಚ್ ಬಿಟ್ಟೆ. ಸ್ಪೀಡೋಮೀಟರಿನ ಮುಳ್ಳು ಎದ್ದು 10ಕ್ಕೆ ಬಂತು, ಆಮೇಲೆ 20ಕ್ಕೆ. ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು. ಎಡಗಡೆ ಚಕ್ರದ ಹಿಂದಿನಿಂದ ಕರಕರ ಸದ್ದು. ತಕ್ಷಣ ಆಫ್ ಮಾಡಿದೆ. ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಬಗ್ಗಿ, "ಏನಾಯ್ತೋ?" ಅಂದರು. ಏಳನೇ ಕ್ಲಾಸಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು ಅವರು. 2004ರ ಮಾರುತಿ 800, ಅವತ್ತಿನಿಂದಲೂ ಅವರ ಮನೆಯಲ್ಲೇ ಇರುವ ಗಾಡಿ. "ಸ್ವಲ್ಪ ತಡೀರಿ ಮೇಷ್ಟ್ರೇ, ನೋಡ್ತೀನಿ" ಅಂದೆ. ಗೇರ್ ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ಆ ಎಡಗಡೆಯ ಡ್ರೈವ್ ಶಾಫ್ಟನ್ನು ಒಂದು ಗಂಟೆ ಮುಂಚೆ ನಾನೇ ಕೂರಿಸಿದ್ದೆ.

ಗಾಡಿ ಬಂದದ್ದು ಬೇರೆ ದೂರಿನ ಮೇಲೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟರೆ ಟಕ್ ಟಕ್ ಟಕ್ ಅಂತ ಸದ್ದು, ನೇರ ರಸ್ತೆಯಲ್ಲಿ ಏನೂ ಇಲ್ಲ. ಹೀಗೆ ಹೇಳಿದರೆ ಮೊದಲ ಅನುಮಾನ ಚಕ್ರದ ಕಡೆಯ ಸಿವಿ ಜಾಯಿಂಟ್ ಮೇಲೆ, ಅಂದರೆ ಚಕ್ರ ಎತ್ತ ಹೊರಳಿದರೂ ಶಾಫ್ಟ್ ಅದನ್ನು ತಿರುಗಿಸುತ್ತಲೇ ಇರುವಂತೆ ಮಾಡುವ ಗುಂಡುಗಳ ಕೀಲಿನ ಮೇಲೆ. ಬಗ್ಗಿ ನೋಡಿದೆ, ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಮಡಿಕೆಯ ಬಳಿ ಹರಿದು ಬಾಯಿ ಬಿಟ್ಟಿತ್ತು. ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಬೂಟು ಹರಿದ ಗಾಡಿ ಓಡಿಸಿದರೆ ಜಾಯಿಂಟ್ ಉಳಿಯುವುದಿಲ್ಲ. ಕೆಮ್ಮಣ್ಣಿನ ಕೆಸರು ಒಳಗಿನ ಗ್ರೀಸಿಗೆ ಸೇರಿ ಸಾಣೆ ಹಿಡಿಯುವ ಪುಡಿಯ ಹಾಗೆ ಕೆಲಸ ಮಾಡುತ್ತದೆ, ಗುಂಡುಗಳು ಕೂರುವ ಜಾಗ ಗುಳಿ ಬೀಳುತ್ತದೆ. ಆಮೇಲೆ ಹೊಸ ಬೂಟು, ಹೊಸ ಗ್ರೀಸ್ ಯಾವುದೂ ಉಪಯೋಗಕ್ಕೆ ಬಾರದು. ಶಾಫ್ಟ್ ಪೂರ್ತಿ ಬದಲಾಯಿಸೋಣ ಅಂದೆ. ಮೇಷ್ಟ್ರು ಒಪ್ಪಿದರು.

ಬಿಚ್ಚುವ ಕೆಲಸ ಸುಲಭವಾಗೇ ಆಯಿತು. ಚಕ್ರ ನೆಲದ ಮೇಲೆ ಇರುವಾಗಲೇ ಚಕ್ರ ಕೂರುವ ಹಬ್ಬಿಗೆ ಶಾಫ್ಟನ್ನು ಬಿಗಿಯುವ ಹಬ್ ನಟ್ಟಿನ ಮಡಚಿದ ಅಂಚನ್ನು ಉಳಿಯಿಂದ ಎತ್ತಿ, ಉದ್ದನೆ ಪೈಪ್ ಹಾಕಿ ಸಡಿಲ ಮಾಡಿಕೊಂಡೆ. ಜ್ಯಾಕ್ ಹಾಕಿ ಸ್ಟ್ಯಾಂಡ್ ಕೊಟ್ಟೆ. ಗೇರ್ ಆಯಿಲ್ ಇಳಿಸಿದೆ, ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿ ಹಬ್ಬನ್ನು ಹೊರಕ್ಕೆ ಎಳೆದು, ಗೇರ್ ಬಾಕ್ಸ್ ಕಡೆ ರಾಡು ಕೊಟ್ಟು ಮೀಟಿದೆ. ಹಳೇ ಶಾಫ್ಟ್ ಈಚೆ ಬಂತು. ಶಾಫ್ಟ್ ಈಚೆ ಬಂದ ಮೇಲೆ ಹಳೇ ಆಯಿಲ್ ಸೀಲನ್ನೇ ಉಳಿಸುವುದು ನನಗೆ ಸರಿ ಕಾಣುವುದಿಲ್ಲ, ಹೊಸದು ಹಾಕಿದೆ. ಹೊಸ ಶಾಫ್ಟ್ ತಳ್ಳಿದೆ, ಒಳಗೆ ಹೋಯಿತು. ಹೊರಗಿನ ತುದಿ ಹಬ್ಬಿಗೆ ಸೇರಿಸಿದೆ, ನಟ್ ಬಿಗಿ ಮಾಡಿದೆ, ಆಯಿಲ್ ತುಂಬಿದೆ.

ಈಗ ಗಾಡಿ ಕದಲುತ್ತಿಲ್ಲ.

ನನ್ನ ಜೊತೆಗಿರುವ ಹುಡುಗ, "ಕ್ಲಚ್ ಪ್ಲೇಟ್ ಹೋಯ್ತೇನೋ ಅಣ್ಣ" ಅಂದ. ಕ್ಲಚ್ ಹೋಗಿದ್ದರೆ ಮುಳ್ಳು ಏಳುತ್ತಲೇ ಇರಲಿಲ್ಲ. ಈ ಗಾಡಿಯಲ್ಲಿ ಮುಳ್ಳಿಗೆ ಕೇಬಲ್ ಹೋಗುವುದು ಗೇರ್ ಬಾಕ್ಸಿನ ಒಳಗಿನ ಡಿಫರೆನ್ಷಿಯಲ್ಲಿನಿಂದ, ಅಂದರೆ ಎರಡೂ ಕಡೆಯ ಶಾಫ್ಟುಗಳಿಗೆ ತಿರುಗುವ ಬಲ ಹಂಚುವ ಗೇರುಗಳ ಗುಂಪಿನಿಂದ, ಚಕ್ರದಿಂದ ಅಲ್ಲ. ಅಂದರೆ ಇಂಜಿನ್, ಕ್ಲಚ್, ಗೇರು ಎಲ್ಲವೂ ಡಿಫರೆನ್ಷಿಯಲ್ ತನಕ ಸರಿಯಾಗಿ ತಿರುಗಿಸಿವೆ. ಅಲ್ಲಿಂದ ಆಚೆಗೇ ಎಲ್ಲೋ ಕೈ ಕೊಟ್ಟಿದೆ. ಎರಡು ಚಕ್ರಗಳಲ್ಲಿ ಒಂದರ ಕಡೆ ಹಿಡಿತ ತಪ್ಪಿದರೆ ಡಿಫರೆನ್ಷಿಯಲ್ ಆ ಸಡಿಲು ಕಡೆಯನ್ನೇ ತಿರುಗಿಸುತ್ತ ಕೂರುತ್ತದೆ, ಇನ್ನೊಂದು ಚಕ್ರಕ್ಕೆ ಏನೂ ಸಿಗುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಮುಂದಿನ ಎರಡೂ ಚಕ್ರ ಎತ್ತಿ, ಇಂಜಿನ್ ಆಫ್ ಇಟ್ಟು, ಗೇರಿನಲ್ಲೇ ಬಿಟ್ಟು, ಬಲಗಡೆ ಚಕ್ರ ಕೈಯಲ್ಲಿ ತಿರುಗಿಸಿದೆ. ಸರಿ ಇದ್ದರೆ ಎಡಗಡೆಯದು ಉಲ್ಟಾ ತಿರುಗಬೇಕು. ತಿರುಗಲಿಲ್ಲ. ಎಡಗಡೆಯದನ್ನು ತಿರುಗಿಸಿದೆ, ಅದು ತನ್ನ ಪಾಡಿಗೆ ಒಂದೇ ತಿರುಗಿತು. ಲೈಟ್ ಹಿಡಿದು ಕೆಳಗೆ ಮಲಗಿದೆ. ಗೇರ್ ಬಾಕ್ಸಿಗೆ ಅಂಟಿಕೊಂಡಿರಬೇಕಾದ ಒಳ ಜಾಯಿಂಟಿನ ಕಪ್ಪಿಗೂ ಸೀಲಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು. ಅದರಿಂದ ಆಯಿಲ್ ಹನಿ ಹನಿಯಾಗಿ ಇಳಿಯುತ್ತಿತ್ತು.

ಹೇಗೆ ಆಯಿತು ಅಂತ ಆಗ ಹೊಳೆಯಿತು. ಶಾಫ್ಟಿನ ಒಳ ತುದಿಯ ಹಲ್ಲುಗಳ ಕೊನೆಯಲ್ಲಿ ಒಂದು ಗ್ರೂವ್, ಅದರಲ್ಲಿ ತಂತಿಯಂಥ ಸಣ್ಣ ಸರ್ಕ್ಲಿಪ್. ನಾವು ಲಾಕ್ ಅನ್ನುತ್ತೇವೆ. ತಳ್ಳುವಾಗ ಅದು ಕುಗ್ಗಿ, ಡಿಫರೆನ್ಷಿಯಲ್ ಗೇರಿನ ಆಚೆ ಹೋಗಿ ಅರಳಿಕೊಂಡರೆ ಶಾಫ್ಟ್ ತಾನಾಗಿ ಈಚೆ ಬರುವುದಿಲ್ಲ. ನನ್ನದು ಆಚೆ ಹೋಗಿರಲೇ ಇಲ್ಲ. ಹೊರ ತುದಿ ಹಬ್ಬಿಗೆ ಸೇರಿಸಲು ಎಳೆದಾಡಿದಾಗ ಒಳ ತುದಿ ಈಚೆ ಜಾರಿತ್ತು. ಹಬ್ ವಾಪಸು ತಳ್ಳಿದಾಗ ಹಲ್ಲಿಗೆ ಹಲ್ಲು ಕೂಡದೆ ತುದಿಗಳು ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಕರಕರ ಅದರದ್ದೇ.

ಮತ್ತೆ ಬಿಚ್ಚಿದೆ. ಹಲ್ಲುಗಳ ಮೂತಿ ಹೊಳೆಯುವಷ್ಟು ಉಜ್ಜಿತ್ತು, ಎಣ್ಣೆ ಕಲ್ಲಿನಿಂದ ನಯ ಮಾಡಿದೆ. ಒಳಗಿನ ಗೇರನ್ನು ಬೆರಳು ಹಾಕಿ ಮುಟ್ಟಿ ನೋಡಿದೆ, ಚೂಪಾಗಿಯೇ ಇತ್ತು. ಆದರೆ ಹೊಸ ಶಾಫ್ಟ್ ಲಾಕ್ ಆಗಲಿಲ್ಲ ಯಾಕೆ ಅಂತ ತಿಳಿಯದೆ ಮತ್ತೆ ಕೂರಿಸುವ ಹಾಗಿರಲಿಲ್ಲ. ಪೇಪರ್ ಹಾಸಿ ಹಳೇದು, ಹೊಸದು ಎರಡನ್ನೂ ಪಕ್ಕ ಪಕ್ಕ ಮಲಗಿಸಿದೆ. ಉದ್ದ ಒಂದೇ. ಹಲ್ಲು ಎಣಿಸಿದೆ, ಅದೂ ಒಂದೇ. ಕೊನೆಗೆ ಹಳೇ ಲಾಕನ್ನು ಹೆಬ್ಬೆರಳಲ್ಲಿ ಒತ್ತಿದೆ, ಗ್ರೂವಿನೊಳಗೆ ಮುಳುಗಿತು. ಹೊಸದನ್ನು ಒತ್ತಿದೆ. ಈ ಕಡೆ ತಗ್ಗಿದರೆ ಆ ಕಡೆ ಎದ್ದಿತು. ಲಾಕ್ ತೆಗೆದು ಗ್ರೂವಿನಲ್ಲಿ ಉಗುರು ಆಡಿಸಿದೆ. ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಲೇಪ ಅಲ್ಲಿ ಒಣಗಿ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಲಾಕಿಗೆ ಕುಗ್ಗಲು ಜಾಗವೇ ಇರಲಿಲ್ಲ. ಸೀಮೆಎಣ್ಣೆ ಹಾಕಿ ಹಳೇ ಟೂತ್ ಬ್ರಶ್ಶಿನಿಂದ ಉಜ್ಜಿದೆ, ಮೂಲೆಯಲ್ಲಿ ಉಳಿದದ್ದನ್ನು ಬೆಂಕಿಕಡ್ಡಿಯಿಂದ ಕೆರೆದೆ. ಕಬ್ಬಿಣದ ಬಣ್ಣ ಕಂಡಿತು. ಹೊಸ ಲಾಕ್ ತರಿಸಿ ಹಾಕಿದೆ. ಈಗ ಒತ್ತಿದರೆ ಮುಳುಗುತ್ತದೆ, ಬಿಟ್ಟರೆ ಅರಳುತ್ತದೆ.

ಕೂರಿಸುವುದನ್ನು ಈ ಸಲ ಆತುರವಿಲ್ಲದೆ ಮಾಡಿದೆ. ಲಾಕ್ ನಡುಮಧ್ಯೆ ನಿಲ್ಲಲಿ ಅಂತ ಅದರ ಸುತ್ತ ಗ್ರೀಸ್ ತುಂಬಿ, ಬಾಯಿ ಕೆಳಮುಖ ಇಟ್ಟೆ. ಸೀಲಿನ ತುಟಿಗೂ ಗ್ರೀಸ್ ಸವರಿದೆ. ಶಾಫ್ಟನ್ನು ಹುಡುಗ ಆ ಕಡೆ ನೇರವಾಗಿ ಹಿಡಿದ. ತೂಕಕ್ಕೆ ಬಾಗಿದರೆ ಹಲ್ಲುಗಳು ಸೀಲಿನ ತುಟಿ ಕೊಯ್ದುಬಿಡುತ್ತವೆ, ಆಮೇಲೆ ವಾರದಲ್ಲೇ ಆಯಿಲ್ ಸೋರಿಕೆ. ಸ್ವಲ್ಪ ತಿರುಗಿಸುತ್ತ ಹಲ್ಲು ಕೂಡುವ ತನಕ ಒಳಗೆ ಬಿಟ್ಟೆ, ಎರಡೂ ಕೈಯಲ್ಲಿ ಕಪ್ಪನ್ನು ಹಿಡಿದು ಒಂದೇ ಸಲ ಜೋರಾಗಿ ತಳ್ಳಿದೆ. ಟಕ್ ಅಂತು. ಆ ಸದ್ದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ.

ಎಳೆದು ನೋಡುವುದು ಕಪ್ಪನ್ನು ಹಿಡಿದು, ಶಾಫ್ಟ್ ಕಡ್ಡಿಯನ್ನು ಹಿಡಿದಲ್ಲ. ಕಡ್ಡಿ ಎಳೆದರೆ ಬೂಟಿನೊಳಗೆ ಒಳ ಜಾಯಿಂಟೇ ಬಿಟ್ಟುಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ. ರಾಡು ಕೊಟ್ಟು ಮೆಲ್ಲಗೆ ಮೀಟಿಯೂ ನೋಡಿದೆ, ಕಪ್ ಅಲುಗಲಿಲ್ಲ. ಸಂದು ಮುಚ್ಚಿತ್ತು. ಹಬ್ ಸೇರಿಸುವಾಗಲೂ ಹುಡುಗನಿಗೆ ಹೇಳಿದೆ, "ನೀನು ಒಳಗಡೆ ಕಪ್ ಒತ್ತಿ ಹಿಡ್ಕೋ, ನಾನು ಈ ಕಡೆ ಸೇರಿಸ್ತೀನಿ."

ಹಬ್ ನಟ್ ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕುವುದಿಲ್ಲ, ಅಂಚು ಎರಡನೇ ಸಲ ಮಡಚಿದರೆ ಸೀಳುತ್ತದೆ. ಹೊಸ ನಟ್ ಹಾಕಿ, ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ಅಂಚನ್ನು ಗ್ರೂವಿಗೆ ಮಡಚಿದೆ. ಚಕ್ರದ ಬೇರಿಂಗಿಗೆ ಬಿಗಿ ಸಿಗುವುದು ಈ ನಟ್ಟಿನಿಂದಲೇ, ಅಂದಾಜಿನ ಮೇಲೆ ಬಿಡುವ ಜಾಗ ಇದಲ್ಲ. 80ಡಬ್ಲ್ಯು-90 ಗೇರ್ ಆಯಿಲನ್ನು ಗಾಡಿ ಸಮತಟ್ಟು ನಿಲ್ಲಿಸಿ, ತುಂಬುವ ತೂತಿನಿಂದ ತಾನಾಗಿ ಈಚೆ ಜಿನುಗುವ ತನಕ ಹಾಕಿದೆ.

ಬಲಗಡೆ ಚಕ್ರ ತಿರುಗಿಸಿದೆ, ಎಡಗಡೆಯದು ಉಲ್ಟಾ ತಿರುಗಿತು. ಮೇಷ್ಟ್ರನ್ನು ಕೂರಿಸಿಕೊಂಡು ಇಕ್ಕೇರಿ ರಸ್ತೆಗೆ ಹೋದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೆರಡು ಸುತ್ತು ಹೊಡೆದೆ, ರಿವರ್ಸಿನಲ್ಲೂ. ಮೇಷ್ಟ್ರು ಗ್ಲಾಸ್ ಇಳಿಸಿ ಕಿವಿ ಹೊರಗೆ ಇಟ್ಟು ಕೂತಿದ್ದರು. "ಇಲ್ಲ ಕಣೋ, ಏನೂ ಸದ್ದಿಲ್ಲ" ಅಂದರು. ವಾಪಸು ಬಂದ ಮೇಲೆ ಮತ್ತೆ ಲೈಟ್ ಹಿಡಿದು ಕೆಳಗೆ ಮಲಗಿದೆ. ಸೀಲಿನ ಸುತ್ತ ಒಣಗಿತ್ತು. 15 ದಿನ ಬಿಟ್ಟು ಇನ್ನೊಮ್ಮೆ ತೋರಿಸಿ ಅಂತ ಹೇಳಿ ಕಳಿಸಿದೆ. ಬಂದರು, ಆಗಲೂ ಒಣಗಿಯೇ ಇತ್ತು.